ಪುಕ್ಕಟೆ ಹೊತ್ತು

ತಪ್ಪು ಅವನದಲ್ಲ, ಅವನ ತಾಯಿಯದು. ಸರಿಯಾಗಿ ನೋಡಿದರೆ ತಾಯಿಯದೂ ಅಲ್ಲ. ಆ ನಾಲ್ಕಂತಸ್ತಿನ ಕಟ್ಟಡದ ಮೆಟ್ಟಿಲ ಮೇಲೆ ಎದುರಾದವರೆಲ್ಲ ಕೇಳುತ್ತಿದ್ದ ಒಂದೇ ಒಂದು ಪ್ರಶ್ನೆಯದು.

"ಮಗ ಈಗ ಏನ್ ಮಾಡ್ತಿದ್ದಾನೆ?"

ಮಗನಿಗೆ ಪದವಿ ಬಂದ ಹೊಸತರಲ್ಲಿ ಆಕೆ "ರೆಸ್ಟ್ ತಗೋತಿದ್ದಾನೆ" ಎನ್ನುತ್ತಿದ್ದರು. ಆಮೇಲೆ "ನೋಡ್ತಿದ್ದಾನೆ" ಎಂದರು. ಇನ್ನೂ ಆಮೇಲೆ "ಅರ್ಜಿ ಹಾಕಿದ್ದಾನೆ" ಎಂದರು. ಬಳಸಿ ಬಳಸಿ ಆ ಉತ್ತರಗಳೆಲ್ಲ ಬಚ್ಚಲಿನ ಸೋಪಿನ ಚೂರಿನ ಹಾಗೆ ಸವೆದು, ಎಷ್ಟು ಉಜ್ಜಿದರೂ ನೊರೆ ಬರದಂತಾಗಿದ್ದವು. ಈಚೆಗೆ ತರಕಾರಿಗೆ ಹೊರಟರೂ ಆಕೆ ಬಾಗಿಲ ಸಂದಿಯಿಂದ ಇಣುಕಿ, ಮೆಟ್ಟಿಲ ಮೇಲೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಇಳಿಯುತ್ತಿದ್ದರು.

ಮಗನಿಗೆ ಕಟ್ಟಡದಲ್ಲಿ ‘ಪದವೀಧರ’ ಎಂದೇ ಹೆಸರಾಗಿತ್ತು. ಮೊದಲು ಹಾಗೆ ಕರೆದವರು ಕಟ್ಟಡದ ಸಂಘದ ಸೆಕ್ರೆಟರಿ, ಅದೂ ಮೆಚ್ಚಿಕೊಂಡೇ. ಪದ ಹಾಗೇ ಉಳಿಯಿತು. ಮೆಚ್ಚುಗೆ ಮಾತ್ರ ತಿಂಗಳಿಂದ ತಿಂಗಳಿಗೆ ಆವಿಯಾಗುತ್ತ ಹೋಯಿತು.

ಹುಡುಗ ಸೋಮಾರಿಯೇನಲ್ಲ. ಕಾಲೇಜಿನಲ್ಲಿದ್ದಾಗ ಬೆಲ್ಲು ಹೊಡೆದರೆ ಒಳಗೆ, ಬೆಲ್ಲು ಹೊಡೆದರೆ ಹೊರಗೆ. ದಿನವನ್ನು ಯಾರೋ ಕತ್ತರಿಸಿ, ಹೊಲಿದು, ತೊಡಿಸಿ ಕಳಿಸುತ್ತಿದ್ದರು. ಈಗ ಪ್ರತಿ ಬೆಳಗ್ಗೆ ಇಡೀ ದಿನ ಥಾನು ಬಟ್ಟೆಯ ಹಾಗೆ ಮುಂದೆ ಬಂದು ಬೀಳುತ್ತಿತ್ತು. ಎಲ್ಲಿ ಕತ್ತರಿ ಹಾಕಬೇಕೆಂದು ತಿಳಿಯದೆ ಅದನ್ನು ಹಾಗೇ ಮಡಚಿಟ್ಟು ಸಂಜೆ ಮಾಡುತ್ತಿದ್ದ. ‘ಕಾಲೇಜು ಮುಗಿದ ಮೇಲೆ ಬದುಕನ್ನು ಸರಿತೂಗಿಸಲು ಉಚಿತ ಸಾಧನಗಳು’ ಎಂಬ ಬರಹವೊಂದು ಇಂಟರ್‌ನೆಟ್ಟಿನಲ್ಲಿ ಕಣ್ಣಿಗೆ ಬಿದ್ದಾಗ, ಮುಳುಗುವವನಿಗೆ ಹಗ್ಗ ಸಿಕ್ಕಂತಾಯಿತು. ಅದರಲ್ಲಿ ಹೇಳಿದ್ದನ್ನೆಲ್ಲ ಫೋನಿಗೆ ಇಳಿಸಿಕೊಂಡ. ಒಂದು ಆ್ಯಪ್ ಅವನನ್ನು ಎಬ್ಬಿಸುತ್ತಿತ್ತು. ಇನ್ನೊಂದು, ನೀರು ಕುಡಿದೆಯಾ ಎಂದು ವಿಚಾರಿಸುತ್ತಿತ್ತು. ಮತ್ತೊಂದು ಸಂಜೆಯಾದರೆ ಐದು ಮುಖಗಳನ್ನು ತೋರಿಸಿ, ಇವತ್ತು ಎಷ್ಟು ಸಂತೋಷವಾಗಿದ್ದೆ ಎಂದು ಕೇಳುತ್ತಿತ್ತು. ಸುಳ್ಳು ಹೇಳಲು ಮನಸ್ಸಿಲ್ಲದೆ, ನಿಜ ಹೇಳಲು ಧೈರ್ಯವಿಲ್ಲದೆ, ಅವನು ದಿನಾ ನಡುವಿನ ಮುಖವನ್ನೇ ಒತ್ತುತ್ತಿದ್ದ.

ಇವುಗಳಲ್ಲೆಲ್ಲ ಅವನಿಗೆ ಬಲು ಇಷ್ಟವಾದದ್ದು ಹೊತ್ತು ಗೊತ್ತುಮಾಡುವ ಪುಟ. ಅದರಲ್ಲಿ ಅವನ ಹೆಸರು, ಅವನ ಬಿಡುವಿನ ವೇಳೆ. ಅವನನ್ನು ಕಾಣಬೇಕಾದವರು ಲಿಂಕ್ ಒತ್ತಿ, ಬೇಕಾದ ಹೊತ್ತನ್ನು ಆರಿಸಿಕೊಂಡರೆ ಮುಗಿಯಿತು. ಹಲ್ಲಿನ ಆಸ್ಪತ್ರೆಯೊಂದರ ರಿಸೆಪ್ಷನ್ ಕೆಲಸಕ್ಕೆ ಅವನು ಅರ್ಜಿ ಹಾಕಿದ್ದ. ಬಂದವರನ್ನು ವಿಚಾರಿಸಿಕೊಳ್ಳುವುದು, ಫೋನ್ ಎತ್ತುವುದು, ಇಂಥ ಕೆಲಸ. ‘ಯಾವಾಗ ಮಾತಾಡಬಹುದು?’ ಎಂದು ಅಲ್ಲಿಂದ ಮೆಸೇಜು ಬಂತು. ‘ಯಾವಾಗ ಬೇಕಾದರೂ’ ಎಂದು ಬರೆದರೆ ಬೇರೆ ಗತಿಯಿಲ್ಲದವನು ಎಂದುಕೊಂಡಾರು ಎನಿಸಿತು. ಪುಟದಲ್ಲಿ ಅಲ್ಲೊಂದು ಇಲ್ಲೊಂದು ವೇಳೆಯನ್ನು ತಾನೇ ಮುಚ್ಚಿ, ತುಸು ಕೆಲಸವಿದ್ದವನ ಹಾಗೆ ಕಾಣುವಂತೆ ಮಾಡಿ, ಲಿಂಕ್ ಕಳಿಸಿದ.

ತಾಯಿ ಅದನ್ನು ಅವನ ಭುಜದ ಮೇಲಿಂದ ನೋಡಿದರು.

"ಅಂದ್ರೆ, ನಿನ್ನ ನೋಡ್ಬೇಕಾದ್ರೆ ಮೊದಲೇ ಟೈಮ್ ತಗೋಬೇಕಾ? ಡಾಕ್ಟರ್ ಹತ್ರ ತಗೊಂಡ ಹಾಗೆ?"

"ಹಾಗೇ ಅಂದ್ಕೋಮ್ಮ."

ಆಕೆಯ ಮುಖ ಅರಳಿತು. ಆ ಸಂಜೆಯೇ ಕಟ್ಟಡದವರ ಗ್ರೂಪಿನಲ್ಲಿ ಅವನಿಗೆ ಹೇಳದೆ ಕೇಳದೆ ಹಾಕಿಬಿಟ್ಟರು: ‘ನಮ್ಮ ಹುಡುಗನ ಹತ್ತಿರ ಏನಾದರೂ ಕೆಲಸವಿದ್ದರೆ ಇಲ್ಲಿ ಒತ್ತಿ ಟೈಮ್ ತಗೊಳ್ಳಿ. ಅವನು ಈಗ ತುಂಬಾ ಬಿಜಿ.’

ಮರುದಿನ ಅವನು ಏಳುವ ಹೊತ್ತಿಗೆ ಅವನ ದಿನ ತುಂಬಿಹೋಗಿತ್ತು.

ಸಂಜೆ ಐದಕ್ಕೆ ಹಲ್ಲಿನ ಆಸ್ಪತ್ರೆಯ ಡಾಕ್ಟರಮ್ಮ, ವೀಡಿಯೋ ಕಾಲಿನಲ್ಲಿ. ಅದನ್ನು ನೋಡಿ ಎದೆ ಹಗುರಾಯಿತು. ಅದರ ಮೇಲಿನ ಸಾಲುಗಳನ್ನು ನೋಡಿ ಮತ್ತೆ ಭಾರವಾಯಿತು. ಬೆಳಗ್ಗೆ ಕೆಳಗಿನ ಮನೆಯ ಗಾರ್ಡ್ ಸಾಹೇಬರು, ‘ಫೋನ್ ವಿಷಯ’. ಮಧ್ಯಾಹ್ನ ಟೈಲರಕ್ಕ, ‘ಐದೇ ನಿಮಿಷ ನಿಲ್ಲಬೇಕು’. ಆಮೇಲೆ ಸೆಕ್ರೆಟರಿ, ‘ಮುಖ್ಯವಾದ ಚರ್ಚೆ’. ಅವನು ತಲೆಯ ಮೇಲೆ ಕೈಹೊತ್ತು ಅಡುಗೆಮನೆಗೆ ಹೋದ.

"ಅಮ್ಮ, ಇದು ಕಂಪನಿಯವರಿಗೆ ಅಂತ ಮಾಡಿದ್ದು. ಇವರನ್ನೆಲ್ಲ ಕ್ಯಾನ್ಸಲ್ ಮಾಡ್ಬೇಕು."

"ಮಾಡು. ಆಮೇಲೆ ನಾನು ಮೆಟ್ಟಿಲು ಹೇಗೆ ಇಳೀಲಿ, ಅದನ್ನೂ ಹೇಳಿ ಮಾಡು." ತಾಯಿ ತಿರುಗಿಯೂ ನೋಡಲಿಲ್ಲ. ಆಮೇಲೆ ದನಿ ತಗ್ಗಿಸಿ ಎಂದರು: "ನಿನ್ನೆ ಟೈಲರಕ್ಕ ಸಿಕ್ಕಿದ್ಲು. ಏನ್ ಮಾಡ್ತಿದ್ದಾನೆ ಅಂತ ಕೇಳ್ಲಿಲ್ಲ ಕಣೋ. ಯಾವಾಗ ಸಿಗ್ತಾನೆ ಅಂತ ಕೇಳಿದ್ಲು."

ಅವನು ಫೋನಿನಲ್ಲಿ ಪುಟ ತೆರೆದು ನೋಡಿದ. ಗೊತ್ತುಮಾಡಿದ ವೇಳೆಯನ್ನು ರದ್ದುಮಾಡುವ ಸೌಲಭ್ಯ ಹಣ ಕಟ್ಟಿದವರಿಗೆ ಮಾತ್ರ ಎಂದು ಪುಟದ ಕೆಳಗೆ ಇರುವೆಗಾತ್ರದ ಅಕ್ಷರದಲ್ಲಿ ಬರೆದಿತ್ತು. ಸಂಜೆಗೆಂದು ಇದ್ದ ಒಂದೇ ಒಳ್ಳೆಯ ಅಂಗಿಯನ್ನು ಇಸ್ತ್ರಿ ಮಾಡಿ ತೊಟ್ಟುಕೊಂಡು, ಕೆಳಗಿಳಿದ.

ಗಾರ್ಡ್ ಸಾಹೇಬರು ರೈಲ್ವೆಯಲ್ಲಿ ಇಡೀ ಸರ್ವಿಸನ್ನು ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕೂತು ಕಳೆದವರು. ಕೈಯಲ್ಲಿ ಬಾವುಟ, ಬಾಯಲ್ಲಿ ಸೀಟಿ. ಮಾತಿಗೆ ಜಾಗವೇ ಇರಲಿಲ್ಲ. ನಿವೃತ್ತರಾದ ಮೇಲೂ ಅವರು ಬೇಕಾದದ್ದಕ್ಕೆ ಕೈ ಎತ್ತುತ್ತಿದ್ದರು, ಬೇಡದ್ದಕ್ಕೆ ಕೈ ಇಳಿಸುತ್ತಿದ್ದರು. ಅಂಥವರ ಫೋನು ಈಗ ವಟಗುಟ್ಟಲು ಶುರುಮಾಡಿತ್ತು. ಎಲ್ಲಿ ಮುಟ್ಟಿದರೂ ಅಲ್ಲಿರುವುದನ್ನು ಓದಿ ಹೇಳುತ್ತಿತ್ತು.

"ನಿಲ್ಸು," ಎಂದರು ಗಾರ್ಡ್ ಸಾಹೇಬರು, ಫೋನನ್ನು ಚೇಳಿನ ಹಾಗೆ ಎರಡು ಬೆರಳಲ್ಲಿ ಹಿಡಿದು.

"ಹಿಂದಕ್ಕೆ. ಬಟನ್. ಆಯ್ಕೆಯಾಗಿಲ್ಲ," ಎಂದಿತು ಫೋನು.

ಪದವೀಧರ ಎಲ್ಲೋ ಒಳಗಿದ್ದ ಆ ಸೆಟ್ಟಿಂಗನ್ನು ಹುಡುಕಿ ಆಫ್ ಮಾಡಿದ. ಮನೆ ಒಮ್ಮೆಲೇ ಸ್ತಬ್ಧವಾಯಿತು. ಗಾರ್ಡ್ ಸಾಹೇಬರು ಹಸಿರು ಬಾವುಟ ತೋರಿಸುವವರ ಹಾಗೆ ಕೈ ಎತ್ತಿದರು. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಸೌಟು ಹಿಡಿದೇ ಓಡಿಬಂದರು.

"ಯಾಕಪ್ಪಾ ನಿಂತ್ಹೋಯ್ತು?"

"ನಾನೇ ನಿಲ್ಲಿಸ್ದೆ ಆಂಟಿ. ತೊಂದರೆ ಕೊಡ್ತಿತ್ತಂತಲ್ಲ."

"ತೊಂದರೆ ಯಾರಿಗೆ? ಇವರಿಗೆ ಗಂಟೆ ಎಷ್ಟು ಅಂತ ಕೇಳಿದ್ರೆ ಗೋಡೆ ಕಡೆ ಕೈ ತೋರಿಸ್ತಾರೆ. ಊಟ ಹೇಗಿತ್ತು ಅಂದ್ರೆ ತಟ್ಟೆ ತೋರಿಸ್ತಾರೆ. ಮದುವೆಯಾದಾಗಿಂದ ಇವರು ಆಡಿದ್ದಕ್ಕಿಂತ ಆ ಫೋನು ಒಂದು ವಾರದಲ್ಲಿ ಹೆಚ್ಚು ಮಾತಾಡಿದೆ. ಹಾಕು, ಹಾಕು."

ಹಾಕಿದ. ಗಂಡ ಕೈ ಇಳಿಸಿದರು, ಆರಿಸಿದ. ಹೆಂಡತಿ ಸೌಟು ಎತ್ತಿದರು, ಮತ್ತೆ ಹಾಕಿದ. ಲೆವೆಲ್ ಕ್ರಾಸಿಂಗಿನ ಗೇಟಿನ ಹಾಗೆ ಏಳುತ್ತ ಬೀಳುತ್ತ ಸಾಕಾಗಿ, ಕೊನೆಗೆ ಅವನೇ ಒಂದು ದಾರಿ ಕಂಡುಕೊಂಡ. ಮಾತಾಡುವ ಫೋನನ್ನು ಆಂಟಿಗೆ ಕೊಟ್ಟು, ಆಂಟಿಯ ಮೂಕ ಫೋನನ್ನು ಸಾಹೇಬರಿಗೆ ಕೊಟ್ಟ. ಇಬ್ಬರಿಗೂ ಸಮಾಧಾನವಾಯಿತು. ಅವನು ಹೊರಡುವಾಗ ಆಂಟಿ ಅಡುಗೆಮನೆಯಲ್ಲಿ ಫೋನನ್ನು ಮುಟ್ಟಿ ಮುಟ್ಟಿ ಕೇಳುತ್ತಿದ್ದರು, ಅದು ಬೇಸರವಿಲ್ಲದೆ ಹೇಳುತ್ತಿತ್ತು. ನಾಳೆಯೂ ಬರಬೇಕೆಂದು ಆಂಟಿ ಆಗಲೇ ಟೈಮ್ ತಗೊಂಡಿದ್ದಾರೆಂಬ ಸುದ್ದಿ ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಫೋನಿಗೆ ಬಂತು.

ಟೈಲರಕ್ಕನ ಅಂಗಡಿ ಕಟ್ಟಡದ ಮಗ್ಗುಲಲ್ಲೇ. ಅವರಿಗೆ ಬೇಕಿದ್ದದ್ದು ಅವನ ಬುದ್ಧಿಯಲ್ಲ, ಬರೀ ಮೈ.

"ನನ್ನ ಗಿರಾಕಿ ಒಬ್ಬರು ದೊಡ್ಡ ಮ್ಯಾನೇಜರು. ಕೋಟು ಹೊಲಿಯೋಕೆ ಕೊಟ್ಟಿದ್ದಾರೆ, ಟ್ರಯಲ್‌ಗೆ ಬಾ ಅಂದ್ರೆ ಅವರಿಗೆ ಬಿಡುವಿಲ್ಲ. ನಿಂದೂ ಅವರದ್ದೂ ಒಂದೇ ಮೈಕಟ್ಟು. ನಿನಗೆ ಬಿಡುವಿದೆ."

ಅವನು ನಿಂತ. ಅಕ್ಕ ಅರ್ಧ ಹೊಲಿದ ಕೋಟನ್ನು ಅವನ ಮೈಗೆ ಏರಿಸಿದರು. ಬಲಗೈಗೆ ತೋಳು ಕೂತಿತ್ತು. ಎಡಗೈಗೆ ಇನ್ನೂ ಇರಲಿಲ್ಲ. ಕನ್ನಡಿಯಲ್ಲಿ ಬಲಕ್ಕೆ ತಿರುಗಿದರೆ ಸಾಕ್ಷಾತ್ ಮ್ಯಾನೇಜರು. ಎಡಕ್ಕೆ ತಿರುಗಿದರೆ ಅದೇ ಹಳೆಯ ಪದವೀಧರ. ಅವನು ತುಂಬ ಹೊತ್ತು ಬಲಕ್ಕೇ ತಿರುಗಿ ನಿಂತ. ಒಂದು ತೋಳಿನಷ್ಟೇ ದೂರ ಎಂದು ಯಾಕೋ ಅನಿಸಿ, ಒಳಗೊಳಗೇ ನಗು ಬಂತು.

ಅಕ್ಕ ಬಾಯಲ್ಲಿ ಗುಂಡುಸೂಜಿ, ಕಿವಿಯಲ್ಲಿ ಫೋನು ಇಟ್ಟುಕೊಂಡು, ತಂಗಿಯ ಜೊತೆ ಮಾತಾಡುತ್ತ ಕಚ್ಚಾ ಹೊಲಿಗೆ ಹಾಕಿದರು. ಮಾತು ಮುಗಿದಾಗ ಹೊಲಿಗೆಯೂ ಮುಗಿದಿತ್ತು. ಕೋಟು ಬಿಚ್ಚಲು ನೋಡಿದರೆ ಅದು ಬರಲಿಲ್ಲ. ಕೋಟಿನ ಜೊತೆ ಅವನ ಅಂಗಿಯೂ ಸೇರಿ ಹೊಲಿಗೆ ಬಿದ್ದಿತ್ತು.

"ಎಳೀಬೇಡ, ಎಳೀಬೇಡ. ಒಳಗೆಲ್ಲ ಗುಂಡುಸೂಜಿ ಇದೆ, ಅಳತೆ ಹೋಗುತ್ತೆ, ನಿನಗೂ ಚುಚ್ಚುತ್ತೆ. ಬಿಡಿಸಿದ ಕೂಡ್ಲೇ ಮತ್ತೆ ಹೊಲೀಬೇಕು, ಇದೇ ಬಣ್ಣದ ದಾರ ಮುಗಿದಿದೆ. ತಂದು, ಬಂದು ಬಿಡಿಸ್ತೀನಿ. ಅಲ್ಲೀತನಕ ಮೈಮೇಲೇ ಇರ್ಲಿ, ಚೆನ್ನಾಗೇ ಕಾಣ್ತಿದ್ದೀಯ," ಎಂದು ಅಂಗಡಿಗೆ ಬೀಗ ಹಾಕಿಕೊಂಡು ಹೊರಟರು.

ಬೀಗ ಬಿದ್ದ ಅಂಗಡಿಯ ಮುಂದೆ ಒಂಟಿ ತೋಳಿನ ಕೋಟಿನಲ್ಲಿ ನಿಂತಿದ್ದವನನ್ನು ಸೆಕ್ರೆಟರಿ ಅಲ್ಲೇ ಹಿಡಿದರು. ಅವರ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಸರಪಳಿ. ಸರಪಳಿಯ ತುದಿಯಲ್ಲಿ ಕರುವಿನ ಗಾತ್ರದ ನಾಯಿ. ಅದರ ಗಾಂಭೀರ್ಯ ನೋಡಿ ಕಟ್ಟಡದವರು ಅದಕ್ಕೆ ‘ಮಂತ್ರಿ’ ಎಂದು ಹೆಸರಿಟ್ಟಿದ್ದರು.

"ಮುಖ್ಯವಾದ ಚರ್ಚೆ ಅಂತಿತ್ತಲ್ಲ ಸಾರ್?"

"ಹೂಂ, ಚರ್ಚೆ ನಂದು, ಫೋನಲ್ಲಿ. ನೀನು ಇವನನ್ನ ಒಂದು ಸುತ್ತು ಹಾಕಿಸ್ಕೊಂಡು ಬಾ." ಸರಪಳಿ ಕೈ ಬದಲಾಯಿತು. ಸೆಕ್ರೆಟರಿಯ ಕಣ್ಣು ಕೋಟಿನ ಮೇಲೆ ಹರಿಯಿತು. "ಈಗಿನ ಫ್ಯಾಶನ್ನಾ ಇದು?"

ಅವನು ಹೌದೆಂದ. ಅಲ್ಲವೆಂದರೆ ಕತೆ ಹೇಳಬೇಕಿತ್ತು.

ಮಂತ್ರಿ ಮೊದಲ ಬೀದಿಯನ್ನು ಘನತೆಯಿಂದಲೇ ದಾಟಿತು. ಎದುರು ಬಂದವರು ಒಂದು ತೋಳಿನ ಕೋಟನ್ನೂ ದೊಡ್ಡ ನಾಯಿಯನ್ನೂ ನೋಡಿ, ಎಲ್ಲೋ ಶೂಟಿಂಗ್ ನಡೆಯುತ್ತಿರಬೇಕೆಂದು ಸುತ್ತಮುತ್ತ ಕ್ಯಾಮೆರಾ ಹುಡುಕಿದರು. ಒಂದೊಂದು ಹೆಜ್ಜೆಗೂ ಒಂದೊಂದು ಗುಂಡುಸೂಜಿ ತಾನಿರುವ ಜಾಗವನ್ನು ನೆನಪಿಸುತ್ತಿತ್ತು. ಎರಡನೆಯ ಬೀದಿಯ ಕೊನೆಯಲ್ಲಿ ಸಣ್ಣ ಉದ್ಯಾನ. ಅದರ ಗೇಟಿನ ಮುಂದೆ ಮಂತ್ರಿ ಕುಳಿತಿತು. ಆಮೇಲೆ ಮಲಗಿತು. ಎಳೆದರೆ ಕಣ್ಣು ಮುಚ್ಚಿತು.

"ಏಳೋ, ನಂಗೆ ಐದಕ್ಕೆ ಇಂಟರ್‌ವ್ಯೂ ಇದೆ," ಎಂದ. ಬೇರೆ ಯಾರ ಮುಂದೆಯೂ ಅವನು ಅಷ್ಟು ದೈನ್ಯದಿಂದ ಬೇಡಿಕೊಂಡಿರಲಿಲ್ಲ. ಮಂತ್ರಿ ಕಿವಿಯನ್ನೂ ಅಲುಗಿಸಲಿಲ್ಲ.

ಬೇರೆ ದಾರಿ ಕಾಣದೆ ಅದರ ಪಕ್ಕದಲ್ಲೇ, ಕಲ್ಲುಕಟ್ಟೆಯ ಮೇಲೆ ಕುಳಿತ. ಮೊದಲ ಪಾಳಿ ಬಿಟ್ಟ ಹೊತ್ತು. ಜನ ಸರಸರನೆ ಹೋಗುತ್ತಿದ್ದರು. ಚೀಲ ಹೊತ್ತವರು, ಫೋನಿಗೆ ಸಿಡುಕುವವರು, ಬಸ್ಸಿಗೆ ಓಡುವವರು. ಎಲ್ಲರ ಮುಖದ ಮೇಲೂ ದಣಿವಿತ್ತು, ಅವನಿಗೆ ಅದನ್ನು ನೋಡಿ ಹೊಟ್ಟೆಕಿಚ್ಚಾಯಿತು. ಅವನೂ ದಣಿದಿದ್ದ, ಆದರೆ ಅವನ ದಣಿವಿಗೆ ಹೇಳಿಕೊಳ್ಳಲು ಒಂದು ಹೆಸರಿರಲಿಲ್ಲ. ಬೆಳಗಿನಿಂದ ಒಂದು ಗಳಿಗೆಯೂ ಸುಮ್ಮನಿರಲಿಲ್ಲ. ಯಾರಾದರೂ ಏನು ಮಾಡಿದೆ ಎಂದು ಕೇಳಿದರೆ ಏನೂ ಇಲ್ಲ ಎನ್ನಬೇಕು. ಮಂತ್ರಿಯಂತೂ ಏನನ್ನೂ ಕೇಳದೆ, ಅವನ ಚಪ್ಪಲಿಯ ಮೇಲೆ ಗದ್ದವಿಟ್ಟು ಗೊರಕೆ ಹೊಡೆಯತೊಡಗಿತು. ಆ ದಿನದಲ್ಲಿ ಅವನಿಗೆ ಸಿಕ್ಕ ನೆಮ್ಮದಿ ಅಷ್ಟೇ.

ಫೋನು ಗುಂಯ್‌ಗುಟ್ಟಿ ‘ಐದು ಗಂಟೆಯ ಭೇಟಿ ಹತ್ತಿರವಾಗಿದೆ’ ಎಂದು ಎಚ್ಚರಿಸಿತು. ಅದರ ಬೆನ್ನಿಗೇ ಇನ್ನೊಂದು ಆ್ಯಪ್, ನೀರು ಕುಡಿಯಲು ಹೇಳಿತು. ಅವನು ಎದ್ದು, ಹಲ್ಲುಕಚ್ಚಿ, ಮಂತ್ರಿಯನ್ನು ಅನಾಮತ್ತು ಎತ್ತಿ ಬಲಗಡೆಯ ಹೆಗಲಿಗೆ ಹಾಕಿಕೊಂಡ. ತೋಳಿದ್ದ ಕಡೆಗೆ ಹಾಕಿಕೊಂಡದ್ದೇ ಜಾಣತನ, ದಪ್ಪ ಬಟ್ಟೆ ದಾಟಿ ಉಗುರು ನಾಟಲಿಲ್ಲ. ಇಡೀ ಬೀದಿ ನೋಡುತ್ತಿರಲು, ಗುಂಡುಸೂಜಿಗಳು ಒಂದೇ ಸಮ ಚುಚ್ಚುತ್ತಿರಲು, ಮಂತ್ರಿ ಮೆರವಣಿಗೆಯಲ್ಲಿ ಹೋಗುವವರ ಹಾಗೆ ಅತ್ತಿತ್ತ ನೋಡುತ್ತ ಸಾಗಿತು.

ಸೆಕ್ರೆಟರಿಯ ಬಾಗಿಲಲ್ಲಿ ನಾಯಿಯನ್ನು ಇಳಿಸಿ ಓಡಿಬಂದರೆ ಟೈಲರಕ್ಕನ ಅಂಗಡಿಗೆ ಇನ್ನೂ ಬೀಗ. ಮನೆಗೆ ನುಗ್ಗಿದ. ತಾಯಿ ಅವನನ್ನು ನೋಡಿ, ಗಾಬರಿಯಾಗುವ ಬದಲು ಸಂತೋಷಪಟ್ಟರು.

"ಕೋಟು ಯಾವಾಗ ಹೊಲಿಸ್ದೆ?"

"ಅಮ್ಮ, ಆಮೇಲೆ ಹೇಳ್ತೀನಿ. ಕತ್ತರಿ ಕೊಡು."

"ಹೊಸ ಕೋಟಿಗೆ ಯಾರಾದ್ರೂ ಕತ್ತರಿ ಹಾಕ್ತಾರೇನೋ? ಹೀಗೇ ಕೂತ್ಕೋ. ಆ ಕಡೆಯಿಂದ ನೋಡಿದ್ರೆ ಚೆನ್ನಾಗೇ ಇದೆ."

ಅವನು ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿ, ಬಲಭುಜವನ್ನೇ ಮುಂದೆ ಮಾಡಿ, ಹಳೆಯ ಕಾಲದ ಸ್ಟುಡಿಯೋ ಫೋಟೋಕ್ಕೆ ಕೂತವರ ಹಾಗೆ ಓರೆಯಾಗಿ ಕುಳಿತ. ಹಿಂದೆ ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆಗಳು ಕಾಣಬಾರದೆಂದು ತಾಯಿ ಬಿಳಿ ಬೆಡ್‌ಶೀಟೊಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅದರ ಮರೆಯಲ್ಲಿ ನಿಂತರು. ಅವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ. ಪರದೆಯ ಮೇಲೆ ನಡುವಯಸ್ಸಿನ, ನಗುಮುಖದ ಡಾಕ್ಟರಮ್ಮ ಕಾಣಿಸಿಕೊಂಡರು.

"ನಿಮ್ಮ ಟೈಮ್ ಸಿಗೋದೇ ಕಷ್ಟ ಆಯ್ತು ನೋಡಿ," ಎಂದರು ಅವರು. "ಇವತ್ತು ಪೂರ್ತಿ ಬುಕ್ ಆಗಿತ್ತು, ಇದೊಂದೇ ಉಳಿದಿದ್ದು. ಏನ್ ಕೆಲಸ ಮಾಡ್ತಿದ್ದೀರಿ?"

ಅವನು ಒಂದು ಕ್ಷಣ ಯೋಚಿಸಿದ. ಸುಳ್ಳು ಹೇಳಲು ಮನಸ್ಸಿರಲಿಲ್ಲ. "ಬೆಳಗ್ಗೆ ಒಂದು ಮನೆಯವರಿಗೆ ಟೆಕ್ನಿಕಲ್ ಸಲಹೆ ಕೊಟ್ಟೆ ಮೇಡಂ. ಮಧ್ಯಾಹ್ನ ಗಾರ್ಮೆಂಟ್ಸ್‌ಗೆ ಸಂಬಂಧಪಟ್ಟ ಕೆಲಸ. ಆಮೇಲೆ ಸ್ವಲ್ಪ... ಸಾಗಾಣಿಕೆ."

"ಯಾರು ಏನೇ ಕೇಳಿದ್ರೂ ಸಮಾಧಾನವಾಗಿ ಉತ್ತರ ಕೊಡ್ತೀರಾ?"

"ಕೊಡ್ತೀನಿ ಮೇಡಂ. ಇಬ್ಬರು ಬೇರೆಬೇರೆ ಹೇಳಿದ್ರೂ ಇಬ್ಬರಿಗೂ ಒಪ್ಪಿಗೆಯಾಗೋ ಹಾಗೆ ಮಾಡ್ತೀನಿ."

ಡಾಕ್ಟರಮ್ಮ ಮೆಚ್ಚಿ ತಲೆಯಾಡಿಸಿದರು. ಹುಡುಗನ ಬೆನ್ನು ನೇರವಾಯಿತು, ಒಂದು ಗುಂಡುಸೂಜಿ ಒಳಗೆ ಇಳಿಯಿತು, ಅದನ್ನೂ ಸಹಿಸಿಕೊಂಡ.

"ನಿಮಗೆ ನಾನು ಮೊದಲು ಥ್ಯಾಂಕ್ಸ್ ಹೇಳ್ಬೇಕು," ಎಂದರು ಡಾಕ್ಟರಮ್ಮ. "ಇಷ್ಟು ವರ್ಷ ಒಬ್ಬರ ಹಲ್ಲು ಕೀಳ್ತಾ ಇನ್ನೊಬ್ಬರಿಗೆ ಫೋನಲ್ಲಿ ಟೈಮ್ ಹೇಳ್ತಿದ್ದೆ. ಅದಕ್ಕೇ ಒಬ್ಬರನ್ನ ಇಟ್ಕೊಳ್ಳೋಣ ಅಂತ ಜಾಹೀರಾತು ಕೊಟ್ಟೆ. ಅಷ್ಟೊತ್ತಿಗೆ ನಿಮ್ಮ ಲಿಂಕ್ ಬಂತು. ಒತ್ತಿ ನೋಡ್ದೆ. ಎಷ್ಟು ಸುಲಭ, ಅದೂ ಪುಕ್ಕಟೆ. ರಾತ್ರಿಯೇ ಕೂತು ನಮ್ಮ ಆಸ್ಪತ್ರೆಗೂ ಅಂಥದ್ದೇ ಒಂದು ಪುಟ ಶುರು ಮಾಡ್ಕೊಂಡೆ. ಈಗ ಬೇರೆ ಜನ ಬೇಕಾಗಿಲ್ಲ. ಅದನ್ನ ಮೆಸೇಜಲ್ಲಿ ಹೇಳೋದು ಸರಿಯಲ್ಲ ಅನ್ನಿಸ್ತು. ಅದಕ್ಕೇ ಟೈಮ್ ತಗೊಂಡೆ."

ಓರೆಯಾಗಿ ಕೂತಿದ್ದರಿಂದ ಅವನ ಮುಖದ ಅರ್ಧ ಮಾತ್ರ ಅವರಿಗೆ ಕಾಣುತ್ತಿತ್ತು. ಆ ಅರ್ಧವನ್ನು ಹೇಗೋ ನಗುನಗುತ್ತ ಇಟ್ಟುಕೊಂಡ.

"ಒಂದೇ ಒಂದು ಅನುಮಾನ ಇತ್ತು," ಎಂದರು ಡಾಕ್ಟರಮ್ಮ, ಸಂಕೋಚದಿಂದ. "ಮಧ್ಯಾಹ್ನ ಊಟದ ಹೊತ್ತನ್ನ ಮುಚ್ಚೋದು ಹೇಗೆ? ಇವತ್ತು ಆ ಹೊತ್ತಿಗೇ ಇಬ್ಬರು ಬಂದ್ಬಿಟ್ರು."

ಬೇಡವೆನ್ನಬಹುದಿತ್ತು. ಅವರು ಕೇಳಿದ ರೀತಿ ಅಷ್ಟು ಮೆತ್ತಗಿತ್ತು, ಮತ್ತು ಆ ಪುಟದಲ್ಲಿ ಹೊತ್ತು ಮುಚ್ಚುವುದನ್ನು ಅವನಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಹೇಳಿಕೊಟ್ಟ.

ಬೆಡ್‌ಶೀಟಿನ ಹಿಂದೆ ತಾಯಿಗೆ ಮಗನ ಮಾತು ಮಾತ್ರ ಕೇಳುತ್ತಿತ್ತು. "ಹೌದು ಮೇಡಂ... ಬಲಗಡೆ ಒತ್ತಿ... ಅದು ಬೇಡ, ಅದರ ಕೆಳಗಿಂದು... ಹಾಂ, ಈಗ ಸರಿಯಾಯ್ತು... ರಜಾ ದಿನಗಳನ್ನೂ ಹಾಕ್ಬಿಡೋಣ... ಪರವಾಗಿಲ್ಲ ಮೇಡಂ." ಸೇರುವ ಮೊದಲೇ ಕೆಲಸ ಶುರುಮಾಡಿಬಿಟ್ಟನಲ್ಲ ಎಂದು ಆಕೆಯ ಕಣ್ಣುಗಳು ಒದ್ದೆಯಾದವು. ಎತ್ತಿ ಹಿಡಿದ ಕೈಗಳು ಸೋತಿದ್ದರೂ ಶೀಟನ್ನು ಒಂದು ಬೆರಳಿನಷ್ಟೂ ಇಳಿಸಲಿಲ್ಲ.

ಪರದೆ ಕಪ್ಪಾಯಿತು. ಅವನು ಇಯರ್‌ಫೋನ್ ತೆಗೆದಿಟ್ಟ.

"ಕೆಲಸ ಆಯ್ತೇನೋ?"

"ಆಯ್ತಮ್ಮ."

ಬೆಡ್‌ಶೀಟ್ ಇಳಿಯಿತು. ಅದರ ಹಿಂದಿನ ಮುಖವನ್ನು ನೋಡಲು ಅವನಿಗೆ ಧೈರ್ಯ ಸಾಲಲಿಲ್ಲ.

"ಯಾವತ್ತಿಂದ?"

"ಅವರ ಕೆಲಸ ಆಯ್ತು," ಎಂದ. "ನಂದಲ್ಲ."

ತಾಯಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಆಕೆ ಬೆಡ್‌ಶೀಟನ್ನು ಅಂಚಿಗೆ ಅಂಚು ಸೇರಿಸಿ ಮಡಚಿದರು, ಎಂದಿಗಿಂತ ಹೆಚ್ಚು ಅಚ್ಚುಕಟ್ಟಾಗಿ. ಮಡಚಿದ್ದನ್ನು ಎದೆಗೊತ್ತಿಕೊಂಡು ಅವನೆದುರು ಕುಳಿತರು.

"ಆ ಡಾಕ್ಟರು ಒಳ್ಳೆಯವರಾ?"

"ತುಂಬಾ ಒಳ್ಳೆಯವರು."

"ಹಾಗಾದ್ರೆ ನಂಗೊಂದು ಟೈಮ್ ತೆಗಿ. ದವಡೆ ಹಲ್ಲು ಒಂದು ತಿಂಗಳಿಂದ ನೋಯ್ತಿದೆ. ನಿನ್ನ ಕೆಲಸ ಒಂದು ಆಗ್ಲಿ, ಆಮೇಲೆ ಹೇಳೋಣ ಅಂತಿದ್ದೆ."

ಅವನು ತಾಯಿಯ ಕೆನ್ನೆಯನ್ನು ನೋಡಿದ. ಒಂದು ಕಡೆ ತುಸು ಊದಿಕೊಂಡಿತ್ತು. ಇಷ್ಟು ದಿನ ಎದುರಿಗೇ ಇದ್ದರೂ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಲ್ಯಾಪ್‌ಟಾಪನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು, ಈಗಷ್ಟೇ ಸರಿಪಡಿಸಿಕೊಟ್ಟಿದ್ದ ಆಸ್ಪತ್ರೆಯ ಪುಟ ತೆರೆದ. ನಾಳೆ ಬೆಳಗಿನ ಮೊದಲ ವೇಳೆ ಖಾಲಿಯಿತ್ತು. ಒಂದು ತೋಳಿನ ಕೋಟಿನಲ್ಲೇ, ತಾನು ಅರ್ಜಿ ಹಾಕಿದ್ದ ಕೆಲಸದ ಮೊಟ್ಟಮೊದಲ ರೋಗಿಗೆ ಹೊತ್ತು ಗೊತ್ತುಮಾಡಿಕೊಟ್ಟ.